ಹತ್ತು ದಿನದ ಮಿಷನ್ ಟ್ರಿಪ್: ನೇಪಾಳವಾ, ಗಲ್ಫಾ, ಶ್ರೀಲಂಕಾನಾ, ಆಫ್ರಿಕಾನಾ?

ಈಸ್ಟರ್ ಮುಗಿದು, ಕಾಲೇಜಿನವರ ಪರೀಕ್ಷೆ ಮುಗಿದು, ಬಳ್ಳಾರಿ ಬಿಸಿಲು ತಲೆ ಸುಡುವ ಹೊತ್ತಿಗೆ ನಮ್ಮ ಯೌವನಸ್ಥರ ಕೂಟದಲ್ಲಿ ಒಂದು ಮಾತು ತಪ್ಪದೆ ಏಳುತ್ತದೆ. "ಅಣ್ಣಾ, ಈ ಸಲ ಹೊರದೇಶಕ್ಕೆ ಸೇವೆಗೆ ಹೋಗೋಣ." ಎಲ್ಲಿಗಪ್ಪಾ ಅಂತ ಕೇಳಿದರೆ ಒಬ್ಬ ನೇಪಾಳ ಅನ್ನುತ್ತಾನೆ, ಇನ್ನೊಬ್ಬ ಕೀನ್ಯಾ ಅನ್ನುತ್ತಾನೆ, ಮತ್ತೊಬ್ಬನ ಮಾವ ದೋಹಾದಲ್ಲಿ ಇದ್ದಾನೆ, ಹಾಗಾಗಿ ಅವನಿಗೆ ಅಲ್ಲಿಗೇ ಕರೆ ಬಂದಿದೆ! ನಾನು ಒಂದು ಸಲ ನೇಪಾಳಕ್ಕೆ, ಒಂದು ಸಲ ಪೂರ್ವ ಆಫ್ರಿಕಾಕ್ಕೆ ಹೋಗಿ ಬಂದವನು. ಮೊದಲನೆಯದು ಚೆನ್ನಾಗಿತ್ತು. ಎರಡನೆಯದು ಯಾಕೆ ಚೆನ್ನಾಗಿರಲಿಲ್ಲ ಅಂತ ಮುಂದೆ ಹೇಳುತ್ತೇನೆ. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಸಭೆಗಳಲ್ಲಿ (ಅಂದರೆ ಚರ್ಚುಗಳಲ್ಲಿ) ಯಾರಾದರೂ ಇದೇ ಯೋಚನೆಯಲ್ಲಿದ್ದರೆ, ದುಡ್ಡು ಕಟ್ಟುವ ಮುಂಚೆ ಇದನ್ನು ಓದಿಕೊಳ್ಳಿ.

ಮೊದಲು ನಾಲಿಗೆ, ಆಮೇಲೆ ನಕಾಶೆ

ಜಾಸ್ತಿ ಜನ ದೇಶವನ್ನು ಟಿಕೆಟ್ ದರ ನೋಡಿ ಆರಿಸುತ್ತಾರೆ, ಇಲ್ಲಾ ಫೋಟೋ ನೋಡಿ. ನಾನು ಹೇಳುವುದು, ನಿಮ್ಮ ಬಾಯಿಗೆ ಯಾವ ಭಾಷೆ ಬರುತ್ತದೆ ಅಂತ ಮೊದಲು ನೋಡಿ. ಹತ್ತು ದಿನ ಅಂದರೆ ಹೋಗಿ ಬರುವ ದಿನ ಕಳೆದು ಕೈಗೆ ಸಿಗುವುದು ಏಳೇ ದಿನ. ಆ ಏಳು ದಿನದಲ್ಲಿ ನೀವು ಕನ್ನಡದಲ್ಲಿ ಯೋಚಿಸಿ, ತಡವರಿಸುತ್ತಾ ಇಂಗ್ಲಿಷಿನಲ್ಲಿ ಹೇಳಿ, ಅದನ್ನು ಇನ್ನೊಬ್ಬರು ಅಲ್ಲಿಯ ಭಾಷೆಗೆ ತಿರುಗಿಸಿ, ಕೇಳಿದವರು ತಲೆಯಾಡಿಸುವ ಹೊತ್ತಿಗೆ ಇಪ್ಪತ್ತು ನಿಮಿಷದ ಸಾಕ್ಷಿ, ಅಂದರೆ ದೇವರು ನಮಗೆ ಮಾಡಿದ್ದನ್ನು ಹೇಳುವ ಮಾತು, ಒಂದು ಗಂಟೆ ಆಗಿರುತ್ತದೆ. ಊಟದ ಹೊತ್ತಿನಲ್ಲಿ, ಪಾತ್ರೆ ತೊಳೆಯುವ ಹೊತ್ತಿನಲ್ಲಿ, ಬಸ್ಸಿನಲ್ಲಿ ಪಕ್ಕ ಕೂತಾಗ ಆಡುವ ನಾಲ್ಕು ಮಾತು ಇದೆಯಲ್ಲ, ನಿಜವಾದ ಪರಿಚಯ ಆಗುವುದು ಅಲ್ಲೇ. ಅದಕ್ಕೆ ಅನುವಾದ ಮಾಡುವವರು ಸಿಗುವುದಿಲ್ಲ.

ನಮ್ಮ ಊರಿಗೇ ಬಂದ ಮಿಷನರಿಯ ಕಥೆ ನೋಡಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರು ಕೈಹಾಕಿದ ಕನ್ನಡ ಅನುವಾದ ಮುಗಿದು ಪೂರ್ತಿ ಬೈಬಲ್ ಅಚ್ಚಾಗಿ ಬಂದದ್ದು 1831ರಲ್ಲಿ, ಅದೂ ಇದೇ ಬಳ್ಳಾರಿಯಲ್ಲಿ. ಲೆಕ್ಕ ಹಾಕಿ, 21 ವರ್ಷ. ಅವರು ಹತ್ತು ದಿನಕ್ಕೆ ಬಂದು ಫೋಟೋ ತೆಗೆಸಿಕೊಂಡು ಹೋಗಿದ್ದರೆ ನಮ್ಮ ಕೈಯಲ್ಲಿ ಏನಿರುತ್ತಿತ್ತು? ಹಾಗಂತ ಚಿಕ್ಕ ಪ್ರಯಾಣ ದಂಡ ಅಂತಲ್ಲ. ಅಲ್ಲೇ ವರ್ಷಗಟ್ಟಲೆ ಇರುವ ಯಾರೋ ಒಬ್ಬರು "ಇಂಥ ಕೆಲಸಕ್ಕೆ ಇಂಥವರು ಬೇಕು" ಅಂತ ಕರೆದಿರಬೇಕು. ಕರೆದವರೇ ಇಲ್ಲದೆ ಹೋದರೆ ಅದು ಟೂರು. ಟೂರಿಗೆ ಹೋಗುವುದು ತಪ್ಪಲ್ಲ. ಅದಕ್ಕೆ ಕಾಣಿಕೆ ದುಡ್ಡು ಕೇಳುವುದು ತಪ್ಪು.

ನೇಪಾಳ

ನಮ್ಮ ಕಡೆಯವರಿಗೆ ಮೊದಲ ಸಲ ಹೋಗಲು ನನ್ನ ಓಟು ನೇಪಾಳಕ್ಕೆ. ಕಾರಣ ಹಿಮಾಲಯ ಅಲ್ಲ, ನಮ್ಮ ಹಿಂದಿ. ಬಳ್ಳಾರಿ ರಾಯಚೂರಿನ ಓಣಿಗಳಲ್ಲಿ ಬೆಳೆದವರಿಗೆ ದಖನಿ ಉರ್ದು ಹಿಂದಿ ಎರಡೂ ಕಲಸಿದ ಒಂದು ಭಾಷೆ ತಾನಾಗೇ ಬಂದಿರುತ್ತದೆ ಅಲ್ವಾ? "ನಕ್ಕೋ", "ಹೌ" ಬಿಟ್ಟು ಸ್ವಲ್ಪ ನೆಟ್ಟಗೆ ಮಾತಾಡಿದರೆ ಕಠ್ಮಂಡುವಿನಲ್ಲೂ ನಮ್ಮ ಗಡಿಗೆ ಅಂಟಿದ ತರಾಯಿ ಬಯಲಿನಲ್ಲೂ ಚೆನ್ನಾಗಿ ನಡೆಯುತ್ತದೆ. ಬೆಟ್ಟದ ಹಳ್ಳಿಯ ಮುದುಕರಿಗೆ ಮಾತ್ರ ಕಷ್ಟ.

ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೂ ವೋಟರ್ ಐಡಿ ಸಾಕು. ಆಧಾರ್ ಕಾರ್ಡ್ ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗಬೇಡಿ, 15 ವರ್ಷದ ಕೆಳಗಿನವರಿಗೆ ಮತ್ತು 65 ದಾಟಿದವರಿಗೆ ಬಿಟ್ಟರೆ ಅದು ನಡೆಯುವುದಿಲ್ಲ. ದುಡ್ಡಿನ ಲೆಕ್ಕವೂ ಸುಲಭ, ನಮ್ಮ ಒಂದು ರೂಪಾಯಿಗೆ ಅವರ 1.60 ರೂಪಾಯಿ, ಆ ದರ ಏರುವುದೂ ಇಲ್ಲ ಇಳಿಯುವುದೂ ಇಲ್ಲ. ರೈಲಿನಲ್ಲಿ ಗೋರಖಪುರ ಮುಟ್ಟಿ, ಅಲ್ಲಿಂದ ಬಸ್ಸಿನಲ್ಲಿ ಸುನೌಲಿ ಗಡಿ ದಾಟಿದರೆ ಬಹಳ ಅಗ್ಗ. ಆದರೆ ಬಳ್ಳಾರಿಯಿಂದ ಹೋಗಲು ಬರಲು ಆರು ದಿನ ರೈಲು ಬಸ್ಸಲ್ಲೇ ಕಳೆಯುತ್ತದೆ. ಹತ್ತು ದಿನ ರಜೆ ಇರುವವರು ಒಂದು ಕಡೆಗಾದರೂ ವಿಮಾನ ಹಿಡಿಯಿರಿ.

ಈಗ ಮುಖ್ಯ ಮಾತು, ಕಾನೂನು. ನೇಪಾಳದ 2015ರ ಸಂವಿಧಾನದ 26ನೇ ವಿಧಿಯಲ್ಲೇ ಇನ್ನೊಬ್ಬರನ್ನು ಮತಾಂತರ ಮಾಡಬಾರದು ಅಂತ ಇದೆ. 2018ರ ಆಗಸ್ಟಿನಿಂದ ಜಾರಿಯಲ್ಲಿರುವ ಅಪರಾಧ ಸಂಹಿತೆಯ 158ನೇ ಸೆಕ್ಷನ್ ಪ್ರಕಾರ ಅದಕ್ಕೆ ಐದು ವರ್ಷದವರೆಗೆ ಜೈಲು, 50,000 ನೇಪಾಳಿ ರೂಪಾಯಿವರೆಗೆ ದಂಡ. ವಿದೇಶಿಯಾದರೆ ಶಿಕ್ಷೆ ಮುಗಿದ ಏಳು ದಿನದೊಳಗೆ ದೇಶದಿಂದ ಆಚೆ ಕಳಿಸುತ್ತಾರೆ. ಇದನ್ನು ಕೇಳಿ ನಮ್ಮ ಹುಡುಗರಲ್ಲಿ ಒಬ್ಬ "ಯೇಸುವಿಗಾಗಿ ಜೈಲಿಗೂ ಸೈ" ಅಂದ. ನೀನು ಸೈ ಕಣಪ್ಪಾ, ನೀನು ಬಸ್ಟ್ಯಾಂಡಿನಲ್ಲಿ ಕರಪತ್ರ ಹಂಚಿ ಮನೆಗೆ ಬರುತ್ತೀಯ, ಆಮೇಲೆ ಪೊಲೀಸರು ಬಾಗಿಲು ತಟ್ಟುವುದು ನಿನಗೆ ಉಳಿಯಲು ಜಾಗ ಕೊಟ್ಟ ಪಾಸ್ಟರ ಮನೆಯದ್ದು. ಅವರಿಗೆ ಹೆಂಡತಿ ಮಕ್ಕಳು ಇದ್ದಾರೆ. ಸಭೆಯ ಒಳಗೆ, ಸಭೆಯವರು ಕೇಳಿದ ಕೆಲಸ ಮಾತ್ರ ಮಾಡಿ ಬರುವುದು ಅಂಜುಬುರುಕುತನ ಅಲ್ಲ, ಮರ್ಯಾದೆ.

ಹಾಗಾದರೆ ಅಲ್ಲಿ ಮಾಡುವುದೇನು? ನಮ್ಮ ಜೊತೆ ಬಂದವರಲ್ಲಿ ಒಬ್ಬ ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಕಟಿಂಗ್ ಮಾಸ್ಟರ್. ಹಾಡಲು ಬರುವುದಿಲ್ಲ, ಪ್ರಸಂಗವಂತೂ (ಸಭೆಯಲ್ಲಿ ಬೋಧನೆ ಮಾಡುವುದು) ದೂರದ ಮಾತು. ಆದರೆ ಅಲ್ಲಿಯ ಸಭೆಯ ಹೆಂಗಸರು ಮೂರು ಹೊಲಿಗೆ ಮಷೀನ್ ಇಟ್ಟುಕೊಂಡು ಶಾಲೆ ಯೂನಿಫಾರ್ಮ್ ಹೊಲಿಯಲು ಒದ್ದಾಡುತ್ತಿದ್ದರು. ಆತ ಆರು ದಿನ ನೆಲದ ಮೇಲೆ ಕೂತು ಬಟ್ಟೆ ದಂಡ ಆಗದ ಹಾಗೆ ಕತ್ತರಿಸುವುದು, ಕಿಸೆ ಕೂರಿಸುವುದು, ಮಷೀನ್ ಟೈಮಿಂಗ್ ತಪ್ಪಿದರೆ ಸರಿ ಮಾಡುವುದು ಹೇಳಿಕೊಟ್ಟ. ನಾವು ಉಳಿದ ಐದು ಜನ ಹಾಡಿದ್ದು ಯಾರಿಗೂ ನೆನಪಿಲ್ಲ. ಅವನಿಗೆ ಮಾತ್ರ ಇವತ್ತಿಗೂ ವಾಟ್ಸಾಪಿನಲ್ಲಿ ಕಾಲರಿನ ಫೋಟೋ ಬರುತ್ತದೆ, "ದಾಯಿ (ಅಣ್ಣಾ), ಇದು ಯಾಕೆ ಸುಕ್ಕಾಗಿದೆ?"

ಸಣ್ಣಪುಟ್ಟ ಸಂಗತಿ: ಅಲ್ಲಿ ವಾರದ ರಜೆ ಶನಿವಾರ, ಹಾಗಾಗಿ ಆರಾಧನೆಯೂ ಶನಿವಾರ. ಭಾನುವಾರ ನೋಡಿಕೊಂಡು ಟಿಕೆಟ್ ಮಾಡಿದರೆ ಒಂದು ಆರಾಧನೆ ತಪ್ಪುತ್ತದೆ. ಒಬ್ಬರನ್ನೊಬ್ಬರು ಕಂಡರೆ "ಜಯಮಸಿ" ಅನ್ನುತ್ತಾರೆ. ಊಟಕ್ಕೆ ದಾಲ್ ಭಾತ್, ಸಂಜೆಗೂ ದಾಲ್ ಭಾತ್. ಶೇಂಗಾ ಚಟ್ನಿಪುಡಿ ಒಂದು ಡಬ್ಬಿ ಕಟ್ಟಿಕೊಂಡು ಹೋಗಿ, ಅವರಿಗೂ ಇಷ್ಟ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಬೆಟ್ಟ ಕುಸಿದು ರಸ್ತೆ ಬಂದ್ ಆಗುತ್ತದೆ, ಆಗ ಬೇಡ.

ಇನ್ನೊಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. "ಅನಾಥಾಶ್ರಮದಲ್ಲಿ ಮಕ್ಕಳ ಜೊತೆ ಮೂರು ದಿನ" ಅಂತ ಯಾರಾದರೂ ಕಾರ್ಯಕ್ರಮ ಹಾಕಿದ್ದರೆ ದೂರ ಇರಿ. ನೇಪಾಳದ ಇಂಥ ಎಷ್ಟೋ ಆಶ್ರಮಗಳಲ್ಲಿರುವ ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕೇ ಇರುತ್ತಾರೆ. ಓದಿಸುತ್ತೇವೆ ಅಂತ ಹಳ್ಳಿಯಿಂದ ಕರೆತಂದು, ಬರುವ ವಿದೇಶಿಯರಿಗೆ ತೋರಿಸಿ ದುಡ್ಡು ಎತ್ತುವ ದಂಧೆ ಇದೆ. ಮೂರು ದಿನ ಮುದ್ದು ಮಾಡಿ ಬಿಟ್ಟು ಬಂದರೆ ಆ ಮಗುವಿಗೆ ಏನಾಗುತ್ತದೆ ಅಂತ ನಿಮ್ಮ ಮನೆಯ ಮಗುವನ್ನು ನೆನೆದು ಯೋಚಿಸಿ.

ಗಲ್ಫ್

ಇದು ಜಾಸ್ತಿ ಜನಕ್ಕೆ ಹೊಳೆಯುವುದೇ ಇಲ್ಲ. ಹೊಳೆದರೂ "ಅದೆಂಥ ಮಿಷನ್, ಅಲ್ಲಿ ನಮ್ಮವರೇ ಇದ್ದಾರಲ್ಲ" ಅನ್ನುತ್ತಾರೆ. ಅದೇ ಅದರ ಬಲ! ನಮ್ಮ ಜಿಲ್ಲೆಗಳಿಂದ ಡ್ರೈವರ್, ಮೇಸ್ತ್ರಿ, ಎಲೆಕ್ಟ್ರಿಷಿಯನ್, ಮನೆಗೆಲಸ ಅಂತ ಹೋದವರು ಅಲ್ಲಿದ್ದಾರೆ. ಕನ್ನಡದಲ್ಲೂ ತೆಲುಗಿನಲ್ಲೂ ಪ್ರಾರ್ಥನಾ ಕೂಟ ನಡೆಸುತ್ತಾರೆ. ಬಳ್ಳಾರಿಯವರಿಗೆ ತೆಲುಗು ಹೇಗೂ ಬರುತ್ತದೆ. ಹನ್ನೆರಡು ತಾಸು ದುಡಿದು ಬಂದು, ಒಂದು ಕೋಣೆಯಲ್ಲಿ ಎಂಟು ಜನ ಮಲಗುವವನ ಹತ್ತಿರ ಕೂತು ಅವನ ಊರಿನ ಸುದ್ದಿ ಹೇಳಿ, ಅವನ ಭಾಷೆಯಲ್ಲಿ ಒಂದು ಕೀರ್ತನೆ ಓದಿದರೆ ಅದಕ್ಕಿಂತ ದೊಡ್ಡ ಸೇವೆ ಯಾವುದು ಅಂತ ನನಗಂತೂ ಗೊತ್ತಿಲ್ಲ.

ಆದರೆ ದೇಶ ದೇಶಕ್ಕೆ ಲೆಕ್ಕ ಬೇರೆ. ದುಬೈನ ಜೆಬೆಲ್ ಅಲಿಯಲ್ಲಿ ಚರ್ಚುಗಳಿಗೆ ಜಾಗ ಕೊಟ್ಟಿದ್ದಾರೆ. ದೋಹಾದಲ್ಲಿ ಎಲ್ಲ ಸಭೆಗಳಿಗೂ ಒಂದೇ ದೊಡ್ಡ ಆವರಣ ಇದೆ. ಕುವೈತ್, ಬಹರೇನಿನಲ್ಲೂ ಚರ್ಚ್ ಇವೆ. ಸೌದಿಯಲ್ಲಿ ಬಹಿರಂಗ ಚರ್ಚ್ ಇಲ್ಲವೇ ಇಲ್ಲ, ಅಲ್ಲಿಗೆ ಈ ಉದ್ದೇಶದಿಂದ ಹೋಗುವ ಮಾತೇ ಬೇಡ. ಎಲ್ಲೇ ಆದರೂ ಮುಸ್ಲಿಮರಿಗೆ ಸುವಾರ್ತೆ (ಯೇಸುವಿನ ಸಂದೇಶ) ಸಾರಲು ಹೋಗಬೇಡಿ, ಬಹುತೇಕ ಕಡೆ ಅದು ಅಪರಾಧ. ಓದಲು ನಿಮ್ಮದೊಂದು ಸತ್ಯವೇದ (ಬೈಬಲ್) ಸಾಕು, ಹಂಚಲು ಅಂತ ಬ್ಯಾಗ್ ತುಂಬಾ ತುಂಬಿಕೊಂಡು ಹೋಗಬೇಡಿ. ಚರ್ಚ್ ಆವರಣದ ಆಚೆ ಕೂಟ ಸೇರಿಸುವ ಮುಂಚೆ ಅಲ್ಲಿಯ ಸಭಾಪಾಲಕರು ಏನು ಹೇಳುತ್ತಾರೋ ಅದೇ ಕೊನೆ ಮಾತು. ಕತಾರ್, ಕುವೈತ್ ಕಡೆ ದೊಡ್ಡ ಆರಾಧನೆ ಶುಕ್ರವಾರ. ಯುಎಇಯಲ್ಲಿ ಮಾತ್ರ 2022ರಿಂದ ರಜೆ ಶನಿವಾರ, ಭಾನುವಾರಕ್ಕೆ ಬದಲಾಗಿದೆ. ಇನ್ನೊಂದು, ದುಡಿಯಲು ಹೋದ ನಮ್ಮವರಿಗೆ ಸಾಮಾನ್ಯವಾಗಿ ಸಿಗುವುದು ವಾರಕ್ಕೆ ಒಂದೇ ರಜೆ. ಹಾಗಾಗಿ ಹತ್ತು ದಿನ ಹೋದರೂ ನಿಮಗೆ ಸೇವೆಗೆ ಸಿಗುವ ದಿನ ಎರಡೇ, ಉಳಿದಂತೆ ರಾತ್ರಿ ಒಂಬತ್ತರ ಮೇಲೆ. ಇದನ್ನು ತಿಳಿಯದೆ ಹೋದವರು ಹಗಲೆಲ್ಲಾ ಮಾಲ್ ಸುತ್ತಿ ಬರುತ್ತಾರೆ. ಜುಲೈ ತಿಂಗಳಿನಲ್ಲಿ ಹೋದರೆ ಬಳ್ಳಾರಿ ಬಿಸಿಲು ತಂಪು ಅನ್ನಿಸುತ್ತದೆ.

ಶ್ರೀಲಂಕಾ

ತಮಿಳು ಬರುತ್ತಾ? ಬಂದರೆ ಹೋಗಿ, ಬರದಿದ್ದರೆ ಬೇಡ. ಇಷ್ಟೇ. ಯಾಳ್ಪಾಣ (ಜಾಫ್ನಾ), ಮಟ್ಟಕ್ಕಳಪ್ಪು (ಬಟ್ಟಿಕಲೋವಾ) ಕಡೆ, ಮತ್ತೆ ನುವರ ಎಲಿಯದ ಟೀ ತೋಟಗಳ ಲೈನ್ ಮನೆಗಳಲ್ಲಿ ತಮಿಳು ಸಭೆಗಳಿವೆ. ಟೀ ತೋಟದವರು ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಿಂದ ಕೂಲಿಗೆ ಒಯ್ದವರ ಮೊಮ್ಮಕ್ಕಳ ಮಕ್ಕಳು. 2019ರ ಏಪ್ರಿಲ್ 21ರಂದು, ಈಸ್ಟರ್ ಭಾನುವಾರ, ಕೊಲಂಬೋ, ನೆಗೊಂಬೋ, ಮಟ್ಟಕ್ಕಳಪ್ಪಿನ ಮೂರು ಚರ್ಚುಗಳಲ್ಲೂ ಹೋಟೆಲುಗಳಲ್ಲೂ ಬಾಂಬ್ ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ಆ ಗಾಯ ಇನ್ನೂ ಹಸಿ. ಅಲ್ಲಿಗೆ ಹೋಗಿ ನೀವು ಪ್ರಸಂಗ ಮಾಡುವುದಕ್ಕಿಂತ ಸುಮ್ನೆ ಕೂತು ಕೇಳಿಸಿಕೊಳ್ಳುವುದು ಜಾಸ್ತಿ ಇರುತ್ತದೆ. ಹೊರಡುವ ಮುಂಚೆ ಆನ್‌ಲೈನಿನಲ್ಲಿ ಇಟಿಎ ಅನುಮತಿ ತೆಗೆದುಕೊಳ್ಳಬೇಕು.

ಕೀನ್ಯಾ, ಉಗಾಂಡಾ

ಈಗ ನನ್ನ ಕಹಿ ಅನುಭವ. ಬೆಂಗಳೂರಿನ ಒಂದು ತಂಡ, ಹೆಸರು ಬೇಡ, ತಲೆಗೆ 1,40,000 ರೂಪಾಯಿ ತಗೊಂಡು ನಮ್ಮನ್ನು ಪೂರ್ವ ಆಫ್ರಿಕಾಕ್ಕೆ ಕರೆದುಕೊಂಡು ಹೋಯಿತು. ಲೆಕ್ಕ ಕೇಳಿದರೆ "ನಂಬಿಕೆ ಇಡಿ ಬ್ರದರ್" ಅಂದರು. ಅಲ್ಲಿಯ ಒಂದು ಶಾಲೆಯಲ್ಲಿ ನಾವು ಎರಡು ವಾರ ಅಭ್ಯಾಸ ಮಾಡಿದ್ದ ತಪ್ಪಿಹೋದ ಮಗನ ಕಥೆಯ, ಅಂದರೆ ಅಪ್ಪನ ಆಸ್ತಿ ಹಾಳು ಮಾಡಿ ಕೊನೆಗೆ ಹಂದಿ ಮೇಯಿಸಲು ಹೋದ ಮಗನ ಬೈಬಲ್ ಕಥೆಯ, ಮೂಕ ನಾಟಕ ಆಡಿದೆವು. ಮಗ ಹಂದಿಗಳ ಹತ್ತಿರ ಹೋಗುವ ಮೊದಲೇ ಮುಂದೆ ಕೂತಿದ್ದ ಹುಡುಗರು ಹಂದಿಯ ಸದ್ದು ಮಾಡಿ ನಗತೊಡಗಿದರು. ಯಾಕೆ ಅಂತ ಆಮೇಲೆ ಟೀಚರ್ ಹೇಳಿದರು, ಹಿಂದಿನ ತಿಂಗಳು ಬಂದ ತಂಡವೂ ಇದೇ ನಾಟಕ ಆಡಿತ್ತಂತೆ, ಅದರ ಹಿಂದಿನದ್ದೂ ಅದೇ! ಆ ಮಕ್ಕಳು ನಮಗಿಂತ ಚೆನ್ನಾಗಿ ಆಡುತ್ತಿದ್ದರು. ನಾವು ಬರುತ್ತೇವೆ ಅಂತ ಎರಡು ದಿನ ಪಾಠ ಬೇರೆ ನಿಲ್ಲಿಸಿದ್ದರು.

ಯೋಚಿಸಿ ನೋಡಿ, 2019ರ ಜನಗಣತಿ ಪ್ರಕಾರ ಕೀನ್ಯಾದಲ್ಲಿ ಹತ್ತರಲ್ಲಿ ಎಂಟಕ್ಕೂ ಜಾಸ್ತಿ ಜನ ಕ್ರೈಸ್ತರೇ. ನಮ್ಮ ರಾಯಚೂರು ಜಿಲ್ಲೆಯಿಂದ ಹೋಗಿ ಅವರಿಗೆ ಸುವಾರ್ತೆ ಹೇಳುವುದು ಭತ್ತ ಬೆಳೆಯುವ ಗಂಗಾವತಿಗೆ ಹೋಗಿ ಅಕ್ಕಿ ಮಾರಿದ ಹಾಗೆ. ನಿಜ ಹೇಳಬೇಕೆಂದರೆ ಅವರೇ ಇಲ್ಲಿಗೆ ಬರಬೇಕು. ಹಾಗಾದರೆ ಆಫ್ರಿಕಾಕ್ಕೆ ಯಾರು ಹೋಗಬೇಕು? ನರ್ಸ್, ಡಾಕ್ಟರ್, ಲ್ಯಾಬ್ ಟೆಕ್ನಿಷಿಯನ್, ಬೋರ್‌ವೆಲ್ ಪಂಪ್ ರಿಪೇರಿ ಬಲ್ಲವರು, ಅದೂ ಅಲ್ಲಿಯ ಆಸ್ಪತ್ರೆಯೋ ಸಭೆಯೋ ಹೆಸರು ಹಿಡಿದು ಕರೆದಿದ್ದರೆ. ಇಂಗ್ಲಿಷ್ ಬಂದರೆ ಕೆಲಸ ನಡೆಯುತ್ತದೆ. ಗೋಡೆ ಕಟ್ಟಲು, ಬಣ್ಣ ಬಳಿಯಲು ಹೋಗಬೇಡಿ. ಅಲ್ಲಿ ಕೆಲಸ ಇಲ್ಲದೆ ಕೂತ ಗೌಂಡಿಗಳು ಎಷ್ಟು ಬೇಕಾದರೂ ಇದ್ದಾರೆ, ನಿಮ್ಮ ವಿಮಾನದ ದುಡ್ಡಿನಲ್ಲಿ ಅವರಿಗೆ ತಿಂಗಳುಗಟ್ಟಲೆ ಕೂಲಿ ಆಗುತ್ತದೆ.

ಹೋಗುವುದೇ ಖಚಿತ ಆದರೆ ಹಳದಿ ಜ್ವರದ ಲಸಿಕೆ ಮರೆಯಬೇಡಿ. ಉಗಾಂಡಾಕ್ಕೆ ಒಳಗೆ ಹೋಗಲೇ ಅದರ ಪ್ರಮಾಣಪತ್ರ ಬೇಕು. ಕೀನ್ಯಾದಿಂದ ವಾಪಸ್ ಬರುವಾಗ ನಮ್ಮ ದೇಶದವರೇ ಕೇಳುತ್ತಾರೆ, ಇಲ್ಲದಿದ್ದರೆ ಆರು ದಿನದವರೆಗೆ ಬೇರೆ ಇಡಬಹುದು. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲೆ ಅದು ಲೆಕ್ಕಕ್ಕೆ ಬರುತ್ತದೆ, ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಎಲ್ಲ ಆಸ್ಪತ್ರೆಯಲ್ಲೂ ಹಾಕುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಕ್ಕೇ ಹೋಗಬೇಕು, ಅಂದರೆ ಬೆಂಗಳೂರಿಗೆ ಒಂದು ಓಡಾಟ ಇಟ್ಟುಕೊಳ್ಳಿ. ಮೊಟ್ಟೆ ಅಲರ್ಜಿ ಇದ್ದವರು, ಗರ್ಭಿಣಿಯರು, 60 ದಾಟಿದವರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ಮಲೇರಿಯಾ ಮಾತ್ರೆ ಬೇರೆ. ನೈರೋಬಿ ಎತ್ತರದಲ್ಲಿದೆ, ಅಲ್ಲಿ ಮಲೇರಿಯಾ ಭಯ ಕಡಿಮೆ. ವಿಕ್ಟೋರಿಯಾ ಸರೋವರದ ಕಡೆ ಹೋದರೆ ಜಾಸ್ತಿ. ಕೀನ್ಯಾಕ್ಕೆ 2024ರಿಂದ ವೀಸಾ ಬದಲು ಮೊದಲೇ ಆನ್‌ಲೈನಿನಲ್ಲಿ ಅನುಮತಿ ತಗೊಳ್ಳುವ ಪದ್ಧತಿ ಬಂದಿದೆ.

ಥಾಯ್ಲೆಂಡ್ ಬಗ್ಗೆಯೂ ಕೇಳುತ್ತಾರೆ. ನನಗೆ ಗೊತ್ತಿರುವ ಥಾಯ್ಲೆಂಡ್ ಮಿಷನ್ ಟ್ರಿಪ್‌ಗಳಲ್ಲಿ ಒಂದೂವರೆ ದಿನ ಮಿಷನ್, ಉಳಿದದ್ದು ಟ್ರಿಪ್. ಇನ್ನು ಇಸ್ರೇಲ್ ಜೋರ್ಡಾನ್ ಪ್ರವಾಸ ತೀರ್ಥಯಾತ್ರೆ, ಅದನ್ನು ಇದರ ಜೊತೆ ಕಲಸಬೇಡಿ.

ಯಾರ ಕೈ ಹಿಡಿದು ಹೋಗುವುದು

ದೇಶ ಆರಿಸುವುದಕ್ಕಿಂತ ಇದು ಕಷ್ಟ. ಪ್ಯಾಕೇಜ್ ಮಾಡುವ ತಂಡದವರ ಜೊತೆ ಹೋದರೆ ಟಿಕೆಟ್, ಊಟ, ಇನ್ಶೂರೆನ್ಸ್ ತಲೆನೋವು ಇಲ್ಲ. ಆದರೆ ಅಲ್ಲಿ ಏನು ಮಾಡಬೇಕು ಅಂತ ಬೆಂಗಳೂರಿನಲ್ಲೇ ನಿರ್ಧಾರ ಆಗಿರುತ್ತದೆ. ನಿಮ್ಮ ಸಭೆಗೂ ಅಲ್ಲಿಯ ಒಂದು ಸಭೆಗೂ ನೇರ ಪರಿಚಯ ಇದ್ದರೆ ಖರ್ಚು ಅರ್ಧ, ಓಡಾಟ ಎರಡು ಪಟ್ಟು, ಉಪಯೋಗ ಮಾತ್ರ ಹತ್ತು ಪಟ್ಟು. ಪರಿಚಯ ಹುಡುಕುವುದು ಹೇಗೆ ಅಂದರೆ, ನಮ್ಮಲ್ಲಿ ಮೆಥೊಡಿಸ್ಟ್ ಇರಲಿ, ಸಿಎಸ್‌ಐ ಇರಲಿ, ಕ್ಯಾಥೊಲಿಕ್ ಇರಲಿ, ಪಂಗಡದ ಒಳಗೇ ಹೊರದೇಶದ ಕೊಂಡಿ ಇರುತ್ತದೆ. ಸ್ವತಂತ್ರ ಸಭೆಯವರಿಗೆ ಬೈಬಲ್ ಕಾಲೇಜಿನಲ್ಲಿ ಜೊತೆಗೆ ಓದಿದ ನೇಪಾಳಿ ಗೆಳೆಯರೇ ಕೊಂಡಿ. ಕಲ್ಪನೆಯ ಕರೆ ಅಲ್ಲ, ಕಾಗದದ ಮೇಲೆ ಕರೆ ಪತ್ರ ತರಿಸಿಕೊಳ್ಳಿ. ಅದರಲ್ಲಿ ಮೂರು ಮಾತು ಇರಲಿ: ಯಾವ ಕೆಲಸ, ಎಷ್ಟು ಜನ ಬೇಕು, ನಾವು ಹೋಗದಿದ್ದರೆ ಆ ಕೆಲಸ ಯಾರು ಮಾಡುತ್ತಾರೆ. ಮೂರನೆಯದಕ್ಕೆ "ನಾವೇ ಮಾಡಿಕೊಳ್ಳುತ್ತೇವೆ" ಅಂತ ಬಂದರೆ ದುಡ್ಡು ಕಳಿಸಿ, ನೀವು ಮನೆಯಲ್ಲಿರಿ.

ಟೂರಿಸ್ಟ್ ವೀಸಾದಲ್ಲಿ ಬೋಧನೆ ಮಾಡಬಹುದಾ ಅಂತಲೂ ಅವರನ್ನೇ ಬರೆದು ಕೇಳಿ. ನಮ್ಮ ದೇಶದಲ್ಲೇ ಹೊರಗಿನವರು ಟೂರಿಸ್ಟ್ ವೀಸಾದಲ್ಲಿ ಬಂದು ಮಿಷನರಿ ಕೆಲಸ ಮಾಡುವ ಹಾಗಿಲ್ಲ, ಅದಕ್ಕೆ ಬೇರೆ ವೀಸಾ ಇದೆ. ನಮಗೆ ಇರುವ ನಿಯಮ ಬೇರೆಯವರಿಗೂ ಇರುತ್ತದೆ ಅಲ್ವಾ?

ದುಡ್ಡು, ಕಾಗದ

ನಮ್ಮ ಕಡೆಯಿಂದ ಹೊರಟರೆ ಅಂದಾಜು ಹೀಗಿರುತ್ತದೆ: ನೇಪಾಳ ರೈಲಿನಲ್ಲಿ 25,000 ರೂಪಾಯಿ, ಒಂದು ಕಡೆ ವಿಮಾನ ಆದರೆ 35,000. ಶ್ರೀಲಂಕಾ, ಗಲ್ಫ್ 50,000 ಆಚೆ ಈಚೆ, ನೆಂಟರ ಮನೆ ಇದ್ದರೆ ಕಡಿಮೆ. ಆಫ್ರಿಕಾ ಲಕ್ಷ ದಾಟುತ್ತದೆ. ವಿಮಾನದ ದರ ದಿನಕ್ಕೊಂದು ತರ, ನೀವೇ ನೋಡಿಕೊಳ್ಳಿ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ವಿಮಾನ ನಿಲ್ದಾಣ ಹತ್ತಿರ, ಸುಮ್ನೆ ಅಭ್ಯಾಸಬಲದಿಂದ ಬೆಂಗಳೂರಿಗೆ ಓಡಬೇಡಿ.

ಪಾಸ್‌ಪೋರ್ಟ್ ಹೊಸದಾಗಿ ಮಾಡಿಸಲು 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000. ಹಳೆಯದು ಇದ್ದರೆ ಇನ್ನೂ ಆರು ತಿಂಗಳು ಅವಧಿ ಇದೆಯಾ ನೋಡಿ. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್ ಅಂತ ಇರುತ್ತದೆ, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಒಪ್ಪಿಗೆ ಬೇಕು ಅಂತ. ಗಲ್ಫಿಗೆ ಸುಮ್ನೆ ಭೇಟಿಗೆ ಹೋಗಲು ಅದು ಅಡ್ಡಿ ಅಲ್ಲ. ಆದರೆ ಇಮಿಗ್ರೇಷನ್‌ನಲ್ಲಿ ಪ್ರಶ್ನೆ ಜಾಸ್ತಿ ಬರಬಹುದು, ವಾಪಸ್ ಟಿಕೆಟ್ ಕೈಯಲ್ಲಿ ಇರಲಿ.

ಸಾಲ ಮಾಡಿ ಹೋಗಬೇಡಿ. ಸಂಘದಲ್ಲಿ ಸಾಲ ಎತ್ತಿ ಆಫ್ರಿಕಾಕ್ಕೆ ಹೋದ ಒಬ್ಬ ಹುಡುಗನ ಕಂತನ್ನು ಅವನ ತಾಯಿ ಮೆಣಸಿನಕಾಯಿ ಬಿಡಿಸುವ ಕೂಲಿಯಲ್ಲಿ ಕಟ್ಟಿದ್ದನ್ನು ನಾನು ನೋಡಿದ್ದೇನೆ. ಸಭೆಯಲ್ಲಿ ಕಾಣಿಕೆ ಎತ್ತಿದರೆ ವಾಪಸ್ ಬಂದ ವಾರವೇ ಪೈಸೆ ಪೈಸೆ ಲೆಕ್ಕ ನೋಟಿಸ್ ಬೋರ್ಡಿಗೆ ಅಂಟಿಸಿ. ಫೋಟೋಗಳನ್ನು ಆಮೇಲೆ ಹಾಕಿ. ನೇಪಾಳದ ಫೋಟೋ ಆದರೆ ಅಲ್ಲಿಯವರ ಮುಖ, ಊರಿನ ಹೆಸರು ಬೇಡವೇ ಬೇಡ, ಕಾರಣ ಮೇಲೆ ಹೇಳಿದ್ದೇನೆ.

ನಮ್ಮ ಸಭೆಯಲ್ಲಿ ಈ ವರ್ಷ ಹನ್ನೊಂದು ಜನ ಹೆಸರು ಕೊಟ್ಟಿದ್ದರು. ನೇಪಾಳದಿಂದ ಬಂದ ಪತ್ರದಲ್ಲಿ ಕೇಳಿದ್ದು ಇಬ್ಬರನ್ನು: ಅದೇ ಕಟಿಂಗ್ ಮಾಸ್ಟರ್, ಮತ್ತೆ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷೀನ್ ರಿಪೇರಿ ಬಲ್ಲ ಇನ್ನೊಬ್ಬರು. ದಸರೆ ದೀಪಾವಳಿ ಮುಗಿದ ಮೇಲೆ, ನವೆಂಬರಿನಲ್ಲಿ, ಮೂರು ವಾರಕ್ಕೆ ಹೊರಡುತ್ತಾರೆ. ಉಳಿದ ಒಂಬತ್ತು ಜನರಲ್ಲಿ ನಾನೂ ಒಬ್ಬ. ನಾವು ಒಂದು ಸೆಕೆಂಡ್ ಹ್ಯಾಂಡ್ ಓವರ್‌ಲಾಕ್ ಮಷೀನಿಗೆ ದುಡ್ಡು ಕೂಡಿಸುತ್ತಿದ್ದೇವೆ. ಅದನ್ನು ಇಲ್ಲಿಂದ ಹೊತ್ತೊಯ್ಯುವುದಾ, ಕಠ್ಮಂಡುವಿನಲ್ಲೇ ಕೊಳ್ಳುವುದಾ ಅಂತ ಇನ್ನೂ ಜಗಳ ನಡೆದಿದೆ.